ಬಿಎಸ್ಸಿ ಝುವಾಲಜಿ ಆಗಿದೆ, ಈಗ ನರ್ಸಿಂಗ್‌ಗೆ ಹೋಗುವ ಅಂತ ಉಂಟು. ಯಾವ ದಾರಿ?

ಕುಂಬಳೆಯವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಓದಿ ಹೇಳಿ ಪ್ಲೀಸ್.

ಊರು ಕಾಸರಗೋಡಿನ ಕುಂಬಳೆ ಹತ್ರ. ಹತ್ತನೇ ತನಕ ಕನ್ನಡ ಮೀಡಿಯಂ, ಪ್ಲಸ್ ಟು ಇಲ್ಲೇ ಸೈನ್ಸ್, ಬಯಾಲಜಿ ಇತ್ತು, ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಸೇರಿ 71 ಪರ್ಸೆಂಟ್. ಮತ್ತೆ ಮಂಗಳೂರಲ್ಲಿ ಬಿಎಸ್ಸಿ ಝುವಾಲಜಿ. ಈಗ 25 ವಯಸ್ಸು. ಡಿಗ್ರಿ ಆದ್ಮೇಲೆ ಒಂದು ಪ್ರೈವೇಟ್ ಶಾಲೆಯಲ್ಲಿ ಪಾಠ ಮಾಡ್ತಿದ್ದೇನೆ, ಸಂಬಳ ಎಷ್ಟೂಂತ ಕೇಳ್ಬೇಡಿ, ಬಸ್ಸಿಗೆ ಮತ್ತೆ ಮೊಬೈಲ್ ರೀಚಾರ್ಜಿಗೆ ಸರಿ ಹೋಗ್ತದೆ.

ಹೋದ ವರ್ಷ ಅಜ್ಜಿಯನ್ನು ಹದಿನಾರು ದಿವಸ ಮಂಗಳೂರಲ್ಲಿ ಅಡ್ಮಿಟ್ ಮಾಡಿದ್ರು, ಹತ್ರ ಕೂತದ್ದು ನಾನು. ಅಜ್ಜಿ ಕೈಯಲ್ಲಿ ನರ ಸಿಗ್ತಾ ಇರ್ಲಿಲ್ಲ, ಎರಡು ಕಡೆ ಚುಚ್ಚಿ ಆಗಿತ್ತು, ಅಜ್ಜಿ ಇನ್ನು ಬೇಡ ಮನೆಗೆ ಹೋಗುವ ಅಂತ ಅಳ್ತಿದ್ರು. ಆಗ ನೈಟಿಗೆ ಬಂದ ಸಿಸ್ಟರ್ ಒಬ್ರು ಸೂಜಿ ಮುಟ್ಲೇ ಇಲ್ಲ, ಮೊದಲು ಬಿಸಿನೀರಲ್ಲಿ ಅದ್ದಿದ ಬಟ್ಟೆ ಹಿಂಡಿ ಕೈಗೆ ಸುತ್ತಿದ್ರು, ಕೈ ಮಂಚದಿಂದ ಕೆಳಗೆ ಇಳಿಬಿಟ್ರು, ಮನೆಯಲ್ಲಿ ದನ ಎಷ್ಟುಂಟು ಅಜ್ಜಿ ಅಂತ ಕೇಳ್ತಾ ಕೇಳ್ತಾ ಐದು ನಿಮಿಷ ಕೂತ್ರು, ಮತ್ತೆ ಒಂದೇ ಸರ್ತಿಗೆ ಹಾಕಿದ್ರು. ಅಜ್ಜಿ ಇನ್ನೂ ದನದ ಲೆಕ್ಕ ಹೇಳ್ತಾ ಇದ್ರು. ಅವತ್ತಿಂದ ನನ್ನ ತಲೆಯಲ್ಲಿ ಇದೇ.

ಈಗ ಸಮಸ್ಯೆ ಎಂತ ಅಂದ್ರೆ, ಡಿಗ್ರಿ ಇದ್ದವರಿಗೆ ಒಂದೂವರೆ ವರ್ಷದಲ್ಲಿ ನರ್ಸಿಂಗ್ ಮುಗೀತದೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಮೊನ್ನೆ ಒಬ್ಬ ಏಜೆಂಟ್ ಕೂಡ ಫೋನಲ್ಲಿ ಬಿಎಸ್ಸಿ ಆಗಿದೆಯಲ್ಲ ಮೇಡಂ ನಿಮಗೆ ಒಂದು ವರ್ಷದ ಡಿಪ್ಲೊಮಾ ಸಾಕು, ಒಂದು ಲಕ್ಷ ಎಂಭತ್ತು ಸಾವಿರ, ಈ ವಾರ ಕಟ್ಟಿದ್ರೆ ಹಾಸ್ಟೆಲ್ ಫ್ರೀ ಅಂದ. ಇದು ನಿಜವಾ? ಅಲ್ಲದಿದ್ರೆ ಬಿಎಸ್ಸಿ ನರ್ಸಿಂಗಾ, ಜಿಎನ್‌ಎಂ ಅಂತ ನರ್ಸಿಂಗ್ ಡಿಪ್ಲೊಮಾ ಉಂಟಲ್ಲ ಅದಾ? ಕೇರಳದಲ್ಲಾ ಮಂಗಳೂರಲ್ಲಾ? ಅಪ್ಪನದ್ದು ಸ್ವಲ್ಪ ಅಡಿಕೆ ತೋಟ, ಲೋನ್ ಮಾಡ್ಬೇಕಾಗ್ತದೆ. ಅಮ್ಮ ಅಂತೂ ಈ ವಯಸ್ಸಲ್ಲಿ ಪುನಃ ಫಸ್ಟ್ ಇಯರಾ ಅಂತ ಮುಖ ಊದಿಸಿ ಕೂತಿದ್ದಾರೆ.

ನೈಟ್ ಡ್ಯೂಟಿ

ತಂಗೀ, ಮೊದಲು ಆ ಏಜೆಂಟಿನ ನಂಬರ್ ಬ್ಲಾಕ್ ಮಾಡಿ. ಮತ್ತೆ ಉಳಿದದ್ದು ಮಾತಾಡುವ.

ನಮ್ಮ ದೇಶದಲ್ಲಿ ರಿಜಿಸ್ಟರ್ಡ್ ನರ್ಸ್ ಆಗ್ಲಿಕ್ಕೆ ಇರುವುದು ಎರಡೇ ಬಾಗಿಲು, ಒಂದು ಬಿಎಸ್ಸಿ ನರ್ಸಿಂಗ್ 4 ವರ್ಷ, ಇನ್ನೊಂದು ಜಿಎನ್‌ಎಂ 3 ವರ್ಷ. ಒಂದು ವರ್ಷದ ಡಿಪ್ಲೊಮಾ ಅಂತ ಮಾರುವುದು ನರ್ಸಿಂಗ್ ಅಸಿಸ್ಟೆಂಟ್ ತರದ್ದು, ಅದಕ್ಕೆ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಕೊಡುವುದಿಲ್ಲ, ರಿಜಿಸ್ಟ್ರೇಷನ್ ಇಲ್ಲದಿದ್ರೆ ಸರಕಾರಿ ಕೆಲಸವೂ ಇಲ್ಲ ಗಲ್ಫೂ ಇಲ್ಲ. ನನ್ನ ಊರಿನ ಒಬ್ಳು ಹುಡುಗಿ ಹಾಗೆ ಕಟ್ಟಿ ಈಗ ಒಂದು ಕ್ಲಿನಿಕ್ಕಿನಲ್ಲಿ ಟೋಕನ್ ಕೊಡ್ತಾ ಕೂತಿದ್ದಾಳೆ. ಪಾಪ ಅವಳ ಹತ್ರ ಸರ್ಟಿಫಿಕೇಟ್ ಉಂಟು, ಲ್ಯಾಮಿನೇಷನ್ ಬೇರೆ ಮಾಡ್ಸಿದ್ದಾಳೆ.

ಇನ್ನು ನಿಮ್ಮ ಝುವಾಲಜಿ. ಬೇಜಾರ್ ಮಾಡ್ಬೇಡಿ, ಅಡ್ಮಿಷನ್ ಲೆಕ್ಕದಲ್ಲಿ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಎರಡನೇ ವರ್ಷಕ್ಕೆ ನೇರ ಸೇರ್ಲಿಕ್ಕೆ ಆಗುವುದಿಲ್ಲ, ನೀವು ಕಲಿತ ಫಿಸಿಯಾಲಜಿಯನ್ನು ಪುನಃ ಕಲೀಬೇಕು, ಪರೀಕ್ಷೆ ಬರೀಬೇಕು. ಕೇರಳದಲ್ಲಿ ನೋಡುವುದು ಪ್ಲಸ್ ಟು ಮಾರ್ಕು ಮಾತ್ರ. ಎಂಎಸ್ಸಿ ನರ್ಸಿಂಗಿಗೆ ಹಾರುವ ಅಂದ್ರೆ ಅದಕ್ಕೂ ಬಿಎಸ್ಸಿ ನರ್ಸಿಂಗ್ ಅಥವಾ ಜಿಎನ್‌ಎಂ ಆದವರು ಮಾಡುವ ಪೋಸ್ಟ್ ಬೇಸಿಕ್ ಬಿಎಸ್ಸಿ ಆಗಿ ಒಂದು ವರ್ಷ ಎಕ್ಸ್‌ಪೀರಿಯನ್ಸ್ ಬೇಕು.

ಕೇರಳದಲ್ಲಿ ಬಿಎಸ್ಸಿ ನರ್ಸಿಂಗಿಗೆ ಎಂಟ್ರೆನ್ಸ್ ಇಲ್ಲ, ಪ್ಲಸ್ ಟು ಪಿಸಿಬಿ ಮಾರ್ಕಿನ ಮೇಲೆ ರ‍್ಯಾಂಕ್ ಲಿಸ್ಟ್, ಅಲಾಟ್‌ಮೆಂಟ್ ಮಾಡುವುದು ಕೇರಳ ಸರಕಾರದ್ದೇ ಎಲ್‌ಬಿಎಸ್ ಸೆಂಟರ್. 50 ಪರ್ಸೆಂಟ್ ಇದ್ರೆ ಅರ್ಜಿ ಹಾಕ್ಬಹುದು. ಆದ್ರೆ ಸತ್ಯ ಹೇಳ್ತೇನೆ, 71ಕ್ಕೆ ಜನರಲ್ ಕ್ಯಾಟಗರಿಯಲ್ಲಿ ಸರಕಾರಿ ಸೀಟು ಕನಸು, ಅಲ್ಲಿ ತೊಂಬತ್ತೈದರ ಮೇಲಿನ ಮಕ್ಕಳು ಸಾಲು ನಿಂತಿರ್ತಾರೆ. ಸೆಲ್ಫ್ ಫೈನಾನ್ಸಿಂಗ್ ಕಾಲೇಜುಗಳಲ್ಲಿ ಮೆರಿಟ್ ಸೀಟು ಸಿಕ್ಕಿದ್ರೆ ಸಿಗ್ಬಹುದು. ಹಾಕಿ, ಹಾಕದೆ ಇರ್ಬೇಡಿ.

ನನ್ನ ಮಾತು ಕೇಳಿದ್ರೆ ಬಿಎಸ್ಸಿಯೇ ಮಾಡಿ. ಯಾಕೆ ಅಂತ ಲೆಕ್ಕ ಹೇಳ್ತೇನೆ. ಏಮ್ಸ್‌ನವರ ನಾರ್ಸೆಟ್ ಪರೀಕ್ಷೆ ಉಂಟಲ್ಲ, ನರ್ಸಿಂಗ್ ಆಫೀಸರ್ ಹುದ್ದೆಗೆ, ಅದಕ್ಕೆ ವಯಸ್ಸು 30 ದಾಟ್ಬಾರ್ದು, ಒಬಿಸಿಗೆ 3 ವರ್ಷ, ಎಸ್‌ಸಿ ಎಸ್‌ಟಿಗೆ 5 ವರ್ಷ ರಿಯಾಯಿತಿ. ಬಿಎಸ್ಸಿ ಆದವರು ರಿಜಿಸ್ಟ್ರೇಷನ್ ಆದ ಕೂಡ್ಲೆ ಬರೀಬಹುದು. ಜಿಎನ್‌ಎಂ ಆದವರಿಗೆ 50 ಬೆಡ್ಡಿನ ಆಸ್ಪತ್ರೆಯಲ್ಲಿ 2 ವರ್ಷ ಎಕ್ಸ್‌ಪೀರಿಯನ್ಸ್ ಬೇಕು. ಈಗ ನೀವೇ ಕೂಡ್ಸಿ. 25ಕ್ಕೆ ಸೇರಿ ಬಿಎಸ್ಸಿ ಅಂದ್ರೆ 29ಕ್ಕೆ ಕೈಯಲ್ಲಿ, ಒಂದೋ ಎರಡೋ ಚಾನ್ಸ್ ಸಿಗ್ತದೆ. ಜಿಎನ್‌ಎಂ 28ಕ್ಕೆ ಮುಗಿದು ರಿಜಿಸ್ಟ್ರೇಷನ್, ಎಕ್ಸ್‌ಪೀರಿಯನ್ಸ್ ಎಲ್ಲ ಆಗುವಾಗ 30 ದಾಟಿ ಗೇಟು ಮುಚ್ಚಿರ್ತದೆ. ಒಂದು ವರ್ಷ ಉಳಿಸ್ಲಿಕ್ಕೆ ಹೋಗಿ ಇಡೀ ಪರೀಕ್ಷೆಯೇ ಹೋಯ್ತು. ಇದನ್ನು ಸೇರುವಾಗ ಯಾರೂ ಹೇಳುವುದಿಲ್ಲ, ನನಗೂ ಹೇಳ್ಲಿಲ್ಲ.

ಉಪ್ಪಳ ಬಿಕಾಂ

ಮಧ್ಯದಲ್ಲಿ ಬಾಯಿ ಹಾಕಿದೆ, ಕ್ಷಮಿಸಿ. ನಂದು ಪ್ಲಸ್ ಟು ಕಾಮರ್ಸ್, ಬಿಕಾಂ. ನನಗೆ ಯಾವುದಾದ್ರೂ ದಾರಿ ಉಂಟಾ ಅಥವಾ ಸುಮ್ನೆ ಜಿಎಸ್‌ಟಿ ಫೈಲ್ ಮಾಡ್ತಾ ಕೂರುವುದಾ?

ನೈಟ್ ಡ್ಯೂಟಿ

ಬಿಎಸ್ಸಿ ನರ್ಸಿಂಗಿಗೆ ಬಯಾಲಜಿ ಬೇಕೇ ಬೇಕು, ಹಾಗಾಗಿ ಅದು ಇಲ್ಲ. ಜಿಎನ್‌ಎಂ ಯಾವ ಗ್ರೂಪಿನವರೂ ಮಾಡ್ಬಹುದು, ಪ್ಲಸ್ ಟುವಿನಲ್ಲಿ 40 ಪರ್ಸೆಂಟ್ ಮತ್ತೆ ಇಂಗ್ಲಿಷ್ ಪಾಸ್ ಇದ್ರೆ ಆಯ್ತು, 35 ವಯಸ್ಸಿನ ಒಳಗೆ. ಆದ್ರೆ ಕೇರಳದ ಸರಕಾರಿ ನರ್ಸಿಂಗ್ ಸ್ಕೂಲುಗಳಲ್ಲಿ ಸೈನ್ಸಿನವರಿಗೆ ಮೊದಲ ಮಣೆ. ಪ್ರೈವೇಟ್ ನೋಡಿ. ಜಿಎಸ್‌ಟಿಯೂ ಕೆಟ್ಟದಲ್ಲ ಮಾರಾಯ್ರೆ, ರಾತ್ರಿ ನಿದ್ದೆ ಆದ್ರೂ ಬರ್ತದೆ.

ಜಿಎನ್‌ಎಂ ಸಿಸ್ಟರ್ ಬದಿಯಡ್ಕ

ನೈಟ್ ಡ್ಯೂಟಿಯವರು ಹೇಳಿದ್ದು ತಪ್ಪು ಅಂತ ಅಲ್ಲ, ಆದ್ರೆ ಎಲ್ಲರೂ ಏಮ್ಸಿಗೆ ಹೋಗ್ತಾರಾ? ನಾನು ಜಿಎನ್‌ಎಂ. 24ಕ್ಕೆ ಬಿಎ ಬಿಟ್ಟು ಸೇರಿದವಳು. ಮೂರೇ ವರ್ಷದಲ್ಲಿ ಕೈಗೆ ಸಂಬಳ ಬಂತು, ಮತ್ತೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದೆ, ಅದರ ಫೀಸು ನನ್ನ ಸ್ವಂತ ದುಡ್ಡಲ್ಲಿ. ಒಟ್ಟು 5 ವರ್ಷ ಅಂತ ಹೇಳ್ತಾರೆ ಜನ, ಆದ್ರೆ ಮಧ್ಯದಲ್ಲಿ ನಾನು ಅಪ್ಪನ ಹತ್ರ ಕೈ ಚಾಚ್ಲಿಲ್ಲ. ಲೋನಿನ ಭಾರ ಹೊತ್ತವರಿಗೆ ಇದು ದೊಡ್ಡ ವಿಷಯ. ತೋಟದ ಮನೆಯವರಿಗೆ ಹೇಳ್ಬೇಕಾ, ಒಂದು ಮಳೆಗಾಲ ಕೊಳೆರೋಗ ಜೋರು ಬಂದ್ರೆ ಸಾಕಲ್ಲ.

ಬಾಂಡ್ ವಿಷಯ ಮಾತ್ರ ಜಾಗ್ರತೆ. ನಾನು ಮೊದಲು ಸೇರಿದ ಆಸ್ಪತ್ರೆಯವರು ಒರಿಜಿನಲ್ ಸರ್ಟಿಫಿಕೇಟ್ ಎಲ್ಲ ತೆಗೊಂಡು ಕಪಾಟಲ್ಲಿ ಇಟ್ರು, ಎರಡು ವರ್ಷ ಬಿಟ್ಟು ಹೋಗ್ಬಾರ್ದು, ಹೋದ್ರೆ ಐವತ್ತು ಸಾವಿರ ಕಟ್ಬೇಕು ಅಂತ ಬರ್ಸಿಕೊಂಡ್ರು. ನನಗೆ ಆಗ ಅಷ್ಟೆಲ್ಲ ಗೊತ್ತಿರ್ಲಿಲ್ಲ, ಸೈನ್ ಹಾಕಿದೆ. ಪೋಸ್ಟ್ ಬೇಸಿಕ್ ಸೀಟು ಸಿಕ್ಕಿದಾಗ ಮಾರ್ಕ್ಸ್ ಕಾರ್ಡ್ ಬೇಕೂಂತ ಹನ್ನೊಂದು ಸರ್ತಿ ಎಚ್‌ಆರ್ ಬಾಗಿಲಲ್ಲಿ ನಿಂತಿದ್ದೇನೆ. ಯಾರೇ ಕೇಳಿದ್ರೂ ಒರಿಜಿನಲ್ ಕೊಡ್ಬೇಡಿ, ತೋರ್ಸಿ, ಝೆರಾಕ್ಸ್ ಕೊಟ್ಟು ವಾಪಸ್ ಬ್ಯಾಗಿಗೆ ಹಾಕಿ.

ಸಂಬಳದ ಬಗ್ಗೆ ಯಾರೂ ಬರೀಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೂತ ಸಮಿತಿ ಪ್ರೈವೇಟ್ ಆಸ್ಪತ್ರೆಯಲ್ಲೂ ಕಡಿಮೆ ಅಂದ್ರೆ 20,000 ಕೊಡ್ಬೇಕು ಅಂತು, 2018ರಲ್ಲಿ ಕೇರಳ ಸರಕಾರ ಆರ್ಡರೂ ಮಾಡಿತು, ಅದೂ ನರ್ಸುಗಳು ಮುಷ್ಕರ ಮಾಡಿ ಮಾಡಿ ಆದ್ಮೇಲೆ. ಗಡಿ ದಾಟಿ ಆಚೆ ಕರ್ನಾಟಕಕ್ಕೆ ಹೋದ್ರೆ ಆ ಆರ್ಡರ್ ಇಲ್ಲ, ಇಂಟರ್‌ವ್ಯೂನಲ್ಲಿ ಕೇಳಿಕೊಳ್ಳಿ.

ತಲಪಾಡಿ ಗೇಟು

ನನ್ನ ಮಗಳನ್ನು ಸೇರಿಸ್ಲಿಕ್ಕೆ ಎರಡು ವರ್ಷ ಓಡಾಡಿದವ ನಾನು, ಅದಕ್ಕೆ ಬರೀತಿದ್ದೇನೆ. ನಮ್ಮ ಕಾಸರಗೋಡಿನ ಮಕ್ಕಳಿಗೆ ಕರ್ನಾಟಕದಲ್ಲಿ ಗಡಿನಾಡು ಕನ್ನಡಿಗ ಅಂತ ಒಂದು ನಿಯಮ ಉಂಟು, ಹೆಚ್ಚಿನವರಿಗೆ ಇಂಜಿನಿಯರಿಂಗಿಗೆ ಮಾತ್ರ ಅಂತ ತಪ್ಪು ಕಲ್ಪನೆ. ಮಾತೃಭಾಷೆ ಕನ್ನಡವೋ ತುಳುವೋ ಇದ್ದು, ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕಿನಲ್ಲಿ ಒಂದರಿಂದ ಹನ್ನೆರಡರ ಒಳಗೆ 7 ವರ್ಷ ಕಲ್ತಿದ್ರೆ ಕೆಇಎ, ಅಂದ್ರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟಿಗೆ ಅರ್ಹತೆ ಬರ್ತದೆ. ಆಚೆ ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜದವರಿಗೂ ಇದೇ. ಅದಕ್ಕೆ ಕೆಇಎಯವರ ಕನ್ನಡ ಭಾಷಾ ಪರೀಕ್ಷೆ ಬರೀಬೇಕು, 50ಕ್ಕೆ 12 ಬಂದ್ರೆ ಪಾಸ್. ಕನ್ನಡ ಮೀಡಿಯಂನಲ್ಲಿ ಕಲ್ತ ನಿಮಗೆ ಅದು ಏನೂ ಅಲ್ಲ, ನನ್ನ ಮಗಳು ಇಂಗ್ಲಿಷ್ ಮೀಡಿಯಂ, ಅವಳಿಗೆ ನಾನು ಒತ್ತಕ್ಷರ ಕಲಿಸ್ತಾ ಕೂತದ್ದು ಬೇರೆ ಕಥೆ, "ಅರ್ಥ"ಕ್ಕೆ ಅರ್ಕಾವೊತ್ತು ಎಲ್ಲಿ ಹಾಕುವುದು ಅಂತ ಒಂದು ವಾರ ಜಗಳ.

ಈಗ ಕರ್ನಾಟಕದಲ್ಲಿ ಬಿಎಸ್ಸಿ ನರ್ಸಿಂಗಿಗೂ ಸಿಇಟಿ ಬರೀಬೇಕು. ಪ್ಲಸ್ ಟು ಮುಗಿದು ಏಳೆಂಟು ವರ್ಷ ಆದವರೂ ಕೂತು ಬರೀಬಹುದು. ನಿಮ್ಮ 71 ಪರ್ಸೆಂಟಿಗಿಂತ ಸಿಇಟಿ ರ‍್ಯಾಂಕಲ್ಲಿ ನಿಮಗೆ ಆಸೆ ಹೆಚ್ಚು, ಯಾಕಂದ್ರೆ ಝುವಾಲಜಿ ಡಿಗ್ರಿ ಪ್ರಯೋಜನಕ್ಕೆ ಬರುವುದು ಇಲ್ಲೇ, ಬಯಾಲಜಿ ಪೇಪರಲ್ಲಿ.

ಇನ್ನೊಂದು. ಮಂಗಳೂರಲ್ಲಿ ನರ್ಸಿಂಗ್ ಕಾಲೇಜು ಗಲ್ಲಿಗೊಂದು ಉಂಟು. ರಾಜೀವ್ ಗಾಂಧಿ ಹೆಲ್ತ್ ಯುನಿವರ್ಸಿಟಿ ಮಾನ್ಯತೆ ಉಂಟು ಅಂತ ಬೋರ್ಡು ಹಾಕಿರ್ತಾರೆ, ಅದು ಸಾಲ್ದು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ವೆಬ್‌ಸೈಟಿನಲ್ಲಿ ಆ ವರ್ಷದ ಲಿಸ್ಟಲ್ಲಿ ಕಾಲೇಜಿನ ಹೆಸರು ಉಂಟಾ ನೋಡಿ. ನಾಳೆ ಕೇರಳಕ್ಕೆ ರಿಜಿಸ್ಟ್ರೇಷನ್ ವರ್ಗ ಮಾಡುವಾಗ, ಸರಕಾರಿ ಕೆಲಸಕ್ಕೆ ಪಿಎಸ್‌ಸಿ ಪರೀಕ್ಷೆ ಬರೆಯುವಾಗ ಅದೇ ಕೇಳ್ತಾರೆ. ಕಾಲೇಜಿಗೆ ಸ್ವಂತ ಆಸ್ಪತ್ರೆ ಉಂಟಾ, ಅದರಲ್ಲಿ ರೋಗಿಗಳು ಇದ್ದಾರಾ ಅಂತಲೂ ಹೋಗಿ ನೋಡ್ಬೇಕು. ನಾನು ಒಂದು ಕಡೆ ಹೋದಾಗ ವಾರ್ಡಿನಲ್ಲಿ ಇಪ್ಪತ್ತು ಮಂಚ, ಹಾಸಿಗೆಯ ಪ್ಲಾಸ್ಟಿಕ್ ಕವರ್ ಇನ್ನೂ ತೆಗ್ದಿರ್ಲಿಲ್ಲ.

ಲೋನಿಗೆ ವಿದ್ಯಾಲಕ್ಷ್ಮಿ ಪೋರ್ಟಲಲ್ಲಿ ಹಾಕಿ. 7.5 ಲಕ್ಷದ ತನಕ ತೋಟ ಅಡ ಇಡುವ ಅಗತ್ಯ ಇಲ್ಲ, ಅಡ ಬೇಕೇ ಬೇಕು ಅಂತ ಮ್ಯಾನೇಜರ್ ಹೇಳಿದ್ರೆ ಬೇರೆ ಬ್ರಾಂಚಿಗೆ ಹೋಗಿ.

ಹವ್ಯಕ ಮಾಣಿ ಜರ್ಮನಿ

ಆ ಒಂದೂವರೆ ವರ್ಷದ ವಿಡಿಯೋ ಸುಳ್ಳಲ್ಲ, ಅದು ಅಮೆರಿಕದ್ದು. ಅಲ್ಲಿ ಬೇರೆ ಯಾವುದೇ ಡಿಗ್ರಿ ಇದ್ದವರಿಗೆ ಎಬಿಎಸ್‌ಎನ್ ಅಂತ ಕೋರ್ಸ್ ಉಂಟು, 11ರಿಂದ 18 ತಿಂಗಳು, ಹಗಲು ರಾತ್ರಿ ಅರೆಯುವ ಹಾಗೆ. ಅದಕ್ಕಿಂತ ಮೊದಲು ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸ್ಟ್ಯಾಟಿಸ್ಟಿಕ್ಸ್ ಪಾಸ್ ಆಗಿರ್ಬೇಕು. ಡಿಗ್ರಿ ಇದ್ದವರು ನೇರ ಮಾಸ್ಟರ್ಸಿಗೆ ಸೇರುವ ಕೋರ್ಸೂ ಉಂಟು. ಯಾವುದೇ ಆದ್ರೂ ಕೊನೆಗೆ ನರ್ಸ್ ಲೈಸೆನ್ಸಿನ ಎನ್‌ಕ್ಲೆಕ್ಸ್ ಪರೀಕ್ಷೆ ಬರೀಬೇಕು. ನನ್ನ ದೊಡ್ಡಮ್ಮನ ಮಗಳು ಮದುವೆ ಆಗಿ ಟೆಕ್ಸಸಿಗೆ ಹೋದ್ಮೇಲೆ ಮಾಡಿದ್ದು ಅದನ್ನೇ, ಅವಳದ್ದು ಬಯೋಟೆಕ್. ಆದ್ರೆ ಅಲ್ಲಿ ಮನೆ, ಗಂಡನ ಸಂಬಳ ಎಲ್ಲ ಇತ್ತು. ಇಲ್ಲಿಂದ ಸ್ಟೂಡೆಂಟ್ ವೀಸಾದಲ್ಲಿ ಅದಕ್ಕೇಂತ ಹೋಗುವುದು ಅಂದ್ರೆ ತೋಟ ಮಾರಿದ್ರೂ ಸಾಕಾಗ್ಲಿಕ್ಕಿಲ್ಲ. ಇಂಗ್ಲೆಂಡಲ್ಲೂ ಗ್ರ್ಯಾಜುಯೇಟ್‌ಗಳಿಗೆ ಎರಡು ವರ್ಷದ ಮಾಸ್ಟರ್ಸ್ ಉಂಟು, ಫೀಸಿನ ಕಥೆ ಅದೇ.

ನಾನು ಮಾಡಿದ್ದು ಜರ್ಮನಿಯ ಔಸ್‌ಬಿಲ್ಡುಂಗ್, ಅಂದ್ರೆ ಕೆಲಸ ಮಾಡ್ತಾ ಕಲಿಯುವ ತರಬೇತಿ. ಮೂರು ವರ್ಷ, ಫೀಸಿಲ್ಲ, ಉಲ್ಟಾ ಅವರೇ ತಿಂಗಳಿಗೆ ಸಾವಿರ ಯೂರೋ ಮೇಲೆ ಕೊಡ್ತಾರೆ, 2,100 ಗಂಟೆ ಪಾಠ, 2,500 ಗಂಟೆ ವಾರ್ಡ್. ನನ್ನ ಬಿಎಸ್ಸಿ ಕೆಮಿಸ್ಟ್ರಿಯನ್ನು ಇಲ್ಲಿ ಯಾರೂ ಕೇಳ್ಲಿಲ್ಲ, ಕೇಳಿದ್ದು ಬಿ2 ಮಟ್ಟದ ಜರ್ಮನ್ ಭಾಷೆ. ಭಾಷೆ ಕಲೀಲಿಕ್ಕೆ ನನಗೆ ಹದಿನಾಲ್ಕು ತಿಂಗಳು ಬೇಕಾಯ್ತು. ಕೇಳ್ಲಿಕ್ಕೆ ಚಂದ ಉಂಟು, ಆದ್ರೆ ಮೊದಲ ಚಳಿಗಾಲದಲ್ಲಿ ಬೆಳಿಗ್ಗೆ ಐದೂವರೆಗೆ ಕತ್ತಲಲ್ಲಿ ಹೋಗಿ ಎಂಬತ್ತು ಕೆಜಿಯ ಅಜ್ಜನನ್ನು ಮಗ್ಗುಲು ತಿರುಗಿಸುವಾಗ ಆ ಅಜ್ಜ ಹಳ್ಳಿ ಜರ್ಮನ್ನಲ್ಲಿ ಬೈದದ್ದು ಒಂದು ಅಕ್ಷರ ಅರ್ಥ ಆಗ್ಲಿಲ್ಲ, ನಾನು ಡಾಂಕೆ, ಅಂದ್ರೆ ಥ್ಯಾಂಕ್ಸ್, ಅಂದೆ. ವಾರ್ಡಿಗೆ ವಾರ್ಡೇ ನಕ್ಕಿತು.

ಊರಲ್ಲೇ ಬಿಎಸ್ಸಿಯೋ ಜಿಎನ್‌ಎಮ್ಮೋ ಮುಗ್ಸಿ ಬಂದ್ರೆ ಇಲ್ಲಿ ಸಂಬಳ ಮತ್ತೆ ಮರ್ಯಾದೆ ಎರಡೂ ಮೊದಲ ದಿನದಿಂದ ಸ್ವಲ್ಪ ಹೆಚ್ಚು. ಕೇರಳದವರಿಗೆ ಸರಕಾರದ ನೋರ್ಕಾ ರೂಟ್ಸಿನ ಟ್ರಿಪಲ್ ವಿನ್ ಅಂತ ಜರ್ಮನಿಗೆ ನರ್ಸುಗಳನ್ನು ಕಳಿಸುವ ಯೋಜನೆ ಉಂಟು, ಏಜೆಂಟಿಗೆ ಕೊಡುವ ಲಕ್ಷ ಉಳೀತದೆ. ಈ ಲೆಕ್ಕದಲ್ಲಿ ಕಾಸರಗೋಡು ಕೇರಳದಲ್ಲಿ ಇರುವುದು ಲಾಭವೇ.

ಕುಂಬಳೆಯವಳು

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಾರ್ಸೆಟ್ ಲೆಕ್ಕ ಓದಿ ಒಮ್ಮೆ ಎದೆ ಧಸಕ್ ಅಂತು. ಗಡಿನಾಡು ನಿಯಮದ ಬಗ್ಗೆ ಗೊತ್ತೇ ಇರ್ಲಿಲ್ಲ, ಡಿಗ್ರಿಗೆ ಹೋದದ್ದು ನೇರ ಕಾಲೇಜಿಗೆ ಅಲ್ವ. ಈಗ ಯೋಚ್ನೆ ಹೀಗೆ: ಎಲ್‌ಬಿಎಸ್‌ಗೂ ಹಾಕುವುದು, ಸಿಇಟಿಗೂ ಕೂರುವುದು, ಬಿಎಸ್ಸಿ ಎರಡು ಕಡೆಯೂ ಸಿಗದಿದ್ರೆ ಅದೇ ವರ್ಷ ಜಿಎನ್‌ಎಂ, ಇನ್ನೊಂದು ವರ್ಷ ಕಾಯುವುದಿಲ್ಲ. ಏಜೆಂಟ್ ಪುನಃ ಫೋನ್ ಮಾಡಿದ್ದ, ಕೌನ್ಸಿಲ್ ರಿಜಿಸ್ಟ್ರೇಷನ್ ಸಿಗ್ತದಾ ಅಂತ ಬರವಣಿಗೆಯಲ್ಲಿ ಕೊಡಿ ಅಂದೆ, ಸಿಗ್ನಲ್ ಇಲ್ಲ ಮೇಡಂ ಅಂತ ಕಟ್ ಮಾಡಿದ.

ಒಂದೇ ಒಂದು ಭಯ ಉಳ್ದದ್ದು, 18ರ ಮಕ್ಕಳ ಮಧ್ಯ ಕೂರುವುದು. ನಾನು ಪಾಠ ಮಾಡಿದ ಹುಡುಗಿಯೇ ನನ್ನ ಕ್ಲಾಸ್‌ಮೇಟ್ ಆದ್ರೆ?

ಜಿಎನ್‌ಎಂ ಸಿಸ್ಟರ್ ಬದಿಯಡ್ಕ

ಆಗ್ಲಿ, ಎಂತ ಆಗ್ತದೆ. ನಮ್ಮ ಬ್ಯಾಚಲ್ಲಿ 31ರ ಒಬ್ರು ಇದ್ರು, ಎರಡು ಮಕ್ಕಳ ತಾಯಿ. ಮೊದಲ ಪೋಸ್ಟಿಂಗಲ್ಲಿ ಬೆಡ್‌ಪ್ಯಾನ್ ಕೊಡ್ಲಿಕ್ಕೆ ಹೇಳಿದಾಗ ನಾವೆಲ್ಲ ಮೂಗು ಮುಚ್ಚಿ ಗೋಡೆಗೆ ಅಂಟಿ ನಿಂತಿದ್ದೆವು, ಅವರು ಪರದೆ ಎಳೆದು, ಪ್ಯಾನಿಗೆ ಬಿಸಿನೀರು ಹಾಕಿ ಒರೆಸಿ, ತಣ್ಣಗೆ ತಾಗಿದ್ರೆ ಅವರಿಗೆ ಕಷ್ಟ ಅಲ್ವನಾ ಅಂತ ಹೇಳಿ ಕೊಟ್ರು. ಅವತ್ತಿಂದ ಇಡೀ ಬ್ಯಾಚು ಅವರ ಹಿಂದೆ. ಡ್ರಿಪ್ ಲೆಕ್ಕ ಹೇಳಿಕೊಟ್ಟದ್ದೂ ಅವರೇ, 500 ಎಂಎಲ್ 8 ಗಂಟೆಯಲ್ಲಿ ಹೋಗ್ಬೇಕಾದ್ರೆ, ಎಂಎಲ್‌ಗೆ 20 ಹನಿ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ 21 ಹನಿ, ವಾಚು ಕಣ್ಣ ಹತ್ರ ಹಿಡ್ದು ಎಣಿಸ್ಬೇಕು. ಪಾಠ ಮಾಡಿದವಳಲ್ವ ನೀವು, ಹುಡುಗಿಯರು ಪರೀಕ್ಷೆ ಹಿಂದಿನ ರಾತ್ರಿ ನಿಮ್ಮ ರೂಮಿಗೇ ಬರ್ತಾರೆ ನೋಡಿ, ನಿದ್ದೆ ಮಾಡ್ಲಿಕ್ಕೆ ಬಿಡುವುದಿಲ್ಲ.

ತಲಪಾಡಿ ಗೇಟು

ಹಾಸ್ಟೆಲೇ ಬೇಕು ಅಂತಿಲ್ಲ, ಕುಂಬಳೆಯಿಂದ ರೈಲಲ್ಲೂ ಹೋಗಿ ಬರ್ಬಹುದು ಅಂತ ಅನ್ನಿಸ್ತದೆ, ಆದ್ರೆ ಬೆಳಿಗ್ಗೆ ಏಳೂವರೆಗೆ ವಾರ್ಡಲ್ಲಿ ಇರ್ಬೇಕು, ಒಂದು ದಿವಸ ರೈಲು ಲೇಟ್ ಆದ್ರೆ ಅಟೆಂಡೆನ್ಸ್ ಹೋಯ್ತು. ಹಾಸ್ಟೆಲೇ ಒಳ್ಳೇದು. 2020ರ ಮಾರ್ಚಲ್ಲಿ ಗಡಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ನನ್ನ ಮಗಳು ಆಚೆ ಹಾಸ್ಟೆಲಲ್ಲಿ, ನಾವು ಈಚೆ. ಆ ಒಂದು ನೆನಪು ಬಿಟ್ರೆ ಬೇರೆ ತಕರಾರಿಲ್ಲ.

ಗಡಿನಾಡು ಸರ್ಟಿಫಿಕೇಟಿಗೆ ಒಂದನೇ ಕ್ಲಾಸಿಂದ ಕಲ್ತ ಶಾಲೆಗಳ ಕಾಗದ ಬೇಕಾಗ್ತದೆ, ಹೆಡ್‌ಮಾಷ್ಟ್ರು ರಜೆಯಲ್ಲಿ ಊರಲ್ಲಿರುವುದಿಲ್ಲ. ಬೇಸಿಗೆ ರಜೆ ಶುರು ಆಗುವ ಮೊದಲೇ ಹೋಗಿ ಮಾಡ್ಸಿಕೊಳ್ಳಿ.

ಕುಂಬಳೆಯವಳು

ಆಯ್ತು ಮಾವ, ಸೋಮವಾರವೇ ಹೋಗ್ತೇನೆ. ನನ್ನ ಒಂದನೇ ಕ್ಲಾಸಿನ ಟೀಚರ್ ಈಗ ಅಲ್ಲೇ ಹೆಡ್‌ಮಿಸ್ಟ್ರೆಸ್, ಪುನಃ ಫಸ್ಟ್ ಇಯರಾ ಮಗೂ ಅಂತ ಅವರೂ ಕೇಳ್ತಾರೋ ಏನೋ.